ಮನೆಮಂದಿಯೆಲ್ಲ ಕೂತು ಧರ್ಮದ ಮಾತಾಡಲು ವಾರಕ್ಕೊಂದು ಸಂಜೆ: ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತಿದೆ?

ಹೊಸನಗರ ತೋಟದ ಮನೆ (ಚರ್ಚೆ ಆರಂಭಿಸಿದವರು):

ನಮ್ಮ ಕಡೆಯ ಮಕ್ಕಳು ಮನೆಯಲ್ಲಿರುವುದು ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ. ಪಿಯುಸಿಗೆ ಶಿವಮೊಗ್ಗದ ಹಾಸ್ಟೆಲ್ಲೋ ಮೂಡುಬಿದಿರೆಯ ಹಾಸ್ಟೆಲ್ಲೋ, ಅಲ್ಲಿಂದಾಚೆ ಬೆಂಗಳೂರು. ಆಮೇಲೆ ಅವರು ಊರಿಗೆ ಬರುವುದು ಚೌತಿಗೆ, ದೀಪಾವಳಿಗೆ, ಯಾರದಾದರೂ ಮದುವೆಗೆ. ಬಂದಾಗ ಕೈಗೆ ಹಣ್ಣುಕಾಯಿ ಕೊಟ್ಟು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇವೆ. ಯಾಕೆ ಹೋಗುತ್ತೇವೆ, ಅಜ್ಜ ಬೆಳಗಿನ ಜಾವ ಎದ್ದು ಗುನುಗುತ್ತಿದ್ದ ಸಾಲುಗಳ ಅರ್ಥವೇನು ಎಂದು ಕೂತು ಹೇಳುವ ಹೊತ್ತು ಆಗ ಸಿಗುವುದಿಲ್ಲ. ಹೇಳಬೇಕಾದ್ದನ್ನು ಮಕ್ಕಳು ನಮ್ಮ ಕಣ್ಣೆದುರು ಇರುವಾಗಲೇ ಹೇಳಬೇಕು.

ಇದನ್ನು ಮಠಕ್ಕೋ ಬೇಸಿಗೆ ಶಿಬಿರಕ್ಕೋ ಬಿಟ್ಟರಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಿಬಿರದಲ್ಲಿ ಶ್ಲೋಕ ಬಾಯಿಗೆ ಬರುತ್ತದೆ, ಒಳ್ಳೆಯದೇ. ಆದರೆ ಅಪ್ಪ ಅಮ್ಮನಿಗೆ ಇದರಲ್ಲಿ ನಿಜವಾಗಿ ನಂಬಿಕೆ ಇದೆಯೋ ಇಲ್ಲವೋ ಎಂಬುದು ಮಗುವಿಗೆ ಮನೆಯಲ್ಲೇ ತಿಳಿಯಬೇಕು. ತೈತ್ತಿರೀಯ ಉಪನಿಷತ್ತಿನಲ್ಲಿ, ಓದು ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯರು ಹೇಳುವ ಮಾತುಗಳಲ್ಲಿ ಒಂದು, ಕಲಿಯುವುದನ್ನೂ ಕಲಿಸುವುದನ್ನೂ ಬಿಡಬೇಡ ಎನ್ನುವುದು. ಮುಂದೆ ಮನೆ ಕಟ್ಟಿ ಸಂಸಾರ ನಡೆಸಬೇಕಾದವನಿಗೆ ಹೇಳಿದ ಮಾತು ಅದು. ಎರಡನ್ನೂ ಒಟ್ಟಿಗೆ ಹೇಳಿದ್ದಾರೆ ಎಂಬುದನ್ನು ಗಮನಿಸಿ. ಕಲಿಯದೆ ಕಲಿಸಲು ಹೊರಟ ಅಪ್ಪನ ಮಾತನ್ನು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ.

ನಮ್ಮ ಮನೆಯಲ್ಲಿ ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ. ಮೊಬೈಲ್‌ಗಳು ಒಳಗಿನ ಕಪಾಟಿನಲ್ಲಿ. ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಇದು ನಾವು ಹುಟ್ಟುಹಾಕಿದ ಕ್ರಮವಲ್ಲ, ಗಮಕದ, ಅಂದರೆ ಕಾವ್ಯವಾಚನ ಕಲೆಯ ಕ್ರಮ. ತುಂಗೆಯ ಆಚೆ ಈಚೆ ದಡದಲ್ಲಿರುವ ಮತ್ತೂರು, ಹೊಸಹಳ್ಳಿಗಳು ಸಂಸ್ಕೃತಕ್ಕೂ ಗಮಕಕ್ಕೂ ಹೆಸರಾದ ಊರುಗಳೆಂದು ಎಲ್ಲರಿಗೂ ಗೊತ್ತು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೇ ಸಂಭ್ರಮಿಸಿತು. ಗಮಕದಲ್ಲಿ ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಹಾಡಿದ್ದು ಅರ್ಥವಾಗದೆ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ನಮ್ಮಲ್ಲಿ ಒಂದು ವಾರ ಮಗಳು ಓದುತ್ತಾಳೆ, ನಾನು ಅರ್ಥ ಹೇಳುತ್ತೇನೆ. ಇನ್ನೊಂದು ವಾರ ನಾನು ಓದುತ್ತೇನೆ, ಅವಳು ಹೇಳುತ್ತಾಳೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಹೇಳಿ ಮುಂದಿನ ವಾರದೊಳಗೆ ಯಾರನ್ನಾದರೂ ಕೇಳಿಕೊಂಡು ಬರಬೇಕು. ಅಪ್ಪನೂ ಹಾಗೆಯೇ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇದು ಕಷ್ಟ. ಹಸಿ ಅಡಿಕೆ ಮನೆಗೆ ಬಂದರೆ ಸುಲಿಯಬೇಕು, ಬೇಯಿಸಬೇಕು, ನಾಳೆಗೆ ಎಂದು ಇಡುವಂತಿಲ್ಲ. ಆದರೆ ನಮ್ಮ ಹಿರಿಯರಿಗೆ ಸುಲಿತದ ರಾತ್ರಿಯೇ ಕಥೆ ಕೇಳುವ ರಾತ್ರಿಯಾಗಿತ್ತು. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ತಾನಾಗಿ ಓಡುತ್ತದೆ, ಕಿವಿ ಬಿಡುವಾಗಿರುತ್ತದೆ. ಈಗ ಸುಲಿಯುವ ಯಂತ್ರ ಬಂದು ಆ ಸದ್ದಿನಲ್ಲಿ ಮಾತು ಕೇಳಿಸದಂತಾಗಿದೆ. ಯಂತ್ರ ನಿಲ್ಲಿಸಿ ಅರ್ಧ ಗಂಟೆ ಕೂರುವ ಮನಸ್ಸು ಮಾಡಬೇಕು.

ನಿಮ್ಮ ಮನೆಗಳಲ್ಲಿ ಯಾವ ಹೊತ್ತು, ಏನು ಓದು, ಮಕ್ಕಳು ಏನು ಕೇಳುತ್ತಾರೆ? ಯಾವ ಧರ್ಮದವರಾದರೂ ಬರೆಯಿರಿ.

ತೀರ್ಥಹಳ್ಳಿ, ಇಬ್ಬರು ಹೆಣ್ಣುಮಕ್ಕಳ ತಾಯಿ:

ಅಣ್ಣ, ಒಂದು ವಿಷಯ ಬಿಟ್ಟುಹೋಗಿದೆ. ನಮ್ಮಲ್ಲಿಯೂ ಶುಕ್ರವಾರ ಸಂಜೆ ದೇವರ ಕೋಣೆಯ ಮುಂದೆ ಕೂರುವ ರೂಢಿ ಇತ್ತು. ದೊಡ್ಡ ಮಗಳು ದೊಡ್ಡವಳಾದ ಮೇಲೆ ತಿಂಗಳಿಗೊಮ್ಮೆ ಅವಳನ್ನು ದೂರ ಕೂರಿಸಲಾಯಿತು. ಚಿಕ್ಕವಳು ಒಳಗೆ ಹಾಡುತ್ತಿದ್ದಳು, ದೊಡ್ಡವಳು ಹೊರಗಿನ ಬೆಂಚಿನ ಮೇಲೆ ಗೋಡೆ ನೋಡುತ್ತಿದ್ದಳು. ಮೂರನೆಯ ತಿಂಗಳಿಗೆ, ಮುಟ್ಟಿಲ್ಲದ ವಾರವೂ ಅವಳು ಬರುವುದನ್ನು ನಿಲ್ಲಿಸಿದಳು. ಕೇಳಿದ್ದಕ್ಕೆ, 'ಅಮ್ಮ, ಕಲಿಸುವುದಾದರೆ ಪೂರ್ತಿ ಕಲಿಸಿ, ಅರ್ಧ ಬೇಡ' ಎಂದಳು. ಹೆಣ್ಣುಮಕ್ಕಳಿರುವ ಮನೆಯವರು ಇದಕ್ಕೆ ಮೊದಲು ಉತ್ತರ ಹುಡುಕಿಕೊಳ್ಳಬೇಕು.

ಸಾಗರದ ನಿವೃತ್ತ ಶಿಕ್ಷಕ:

ತಂಗಿಯವರ ನೋವು ಅರ್ಥವಾಗುತ್ತದೆ. ಆದರೆ ದೇವರ ಕೋಣೆಯ ಮಡಿ, ಆಚಾರಗಳನ್ನು ಒಂದೇಟಿಗೆ ತೆಗೆಯಲು ಹೋದರೆ ಮನೆಯ ಹಿರಿಯರು ಎದ್ದು ಹೋಗುತ್ತಾರೆ. ಹಿರಿಯರಿಲ್ಲದೆ ಕಲಿಸುವವರು ಯಾರು? ನಮ್ಮ ಮನೆಯಲ್ಲಿ ನನ್ನ ತಾಯಿಗೆ ಬರುವಷ್ಟು ಹಾಡು, ಕಥೆ ನನಗೆ ಬರುವುದಿಲ್ಲ.

ಹೊಸನಗರ ತೋಟದ ಮನೆ:

ಮೇಷ್ಟ್ರೇ, ತಂಗಿಯೂ ಕೇಳಲಿ, ನೀವೂ ಕೇಳಿ. ನಾವು ಮೊದಲಿನಿಂದಲೂ ಕೂರುವುದು ಜಗಲಿಯಲ್ಲಿ, ದೇವರ ಕೋಣೆಯಲ್ಲಲ್ಲ. ಪೂಜೆ ಬೇರೆ, ಕಥಾಶ್ರವಣ ಬೇರೆ. ಪೂಜೆಯ ಕ್ರಮ ನಿಮ್ಮ ಮನೆಯಲ್ಲಿ ಹೇಗಿದೆಯೋ ಹಾಗಿರಲಿ, ಅದರ ಬಗ್ಗೆ ಹೊರಗಿನವನಾದ ನಾನು ಹೇಳುವುದಿಲ್ಲ. ಆದರೆ ಓದು, ಅರ್ಥ, ಪ್ರಶ್ನೆ ಇವು ಜಗಲಿಗೆ ಬರಲಿ. ಜಗಲಿಯಲ್ಲಿ ಯಾರೂ ದೂರ ಕೂರಬೇಕಾಗಿಲ್ಲ. ಮುಟ್ಟಾದ ಮಗಳು ಓದಬಹುದು, ತೋಟದ ಕೆಲಸಕ್ಕೆ ಬಂದವರು ಇದ್ದರೆ ಅವರೂ ಕೂರಬಹುದು. ನಿಮ್ಮ ತಾಯಿಯವರ ಹಾಡು ಕೇಳಲು ಮೊಮ್ಮಕ್ಕಳೆಲ್ಲ ಇರುತ್ತಾರೆ.

ತೀರ್ಥಹಳ್ಳಿ, ಇಬ್ಬರು ಹೆಣ್ಣುಮಕ್ಕಳ ತಾಯಿ:

ಜಗಲಿಗೆ ಬರುತ್ತೇವೆ. ಆದರೆ ಮಗಳ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ, ಅಣ್ಣ. ತನ್ನನ್ನು ಯಾಕೆ ಒಳಗೆ ಬಿಡುವುದಿಲ್ಲ ಎಂದು ಅವಳು ಆ ಅರ್ಧ ಗಂಟೆಯಲ್ಲಿಯೇ ಕೇಳುತ್ತಾಳೆ. ಕೇಳಲೂಬೇಕು. ಆಗ 'ಇದು ಕೇಳುವ ಹೊತ್ತಲ್ಲ' ಎನ್ನಬಾರದು, ಮನೆಯ ಗಂಡಸರು ಅಲ್ಲಿ ಕೂತೇ ಉತ್ತರ ಹೇಳಬೇಕು ಎನ್ನುವುದು ನನ್ನ ಷರತ್ತು.

ಶಿಕಾರಿಪುರದಿಂದ:

ನಮ್ಮದು ಉಡುತಡಿಯ ಹತ್ತಿರದ ಊರು. ಅಕ್ಕಮಹಾದೇವಿಯ ಊರು ಅದು. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ನಮ್ಮ ತಾಲ್ಲೂಕಿನದೇ. ಇಷ್ಟು ಹತ್ತಿರದಲ್ಲಿದ್ದೂ ಮಕ್ಕಳಿಗೆ ಇವರು ಪಠ್ಯಪುಸ್ತಕದ ಚಿತ್ರಗಳಾಗಿ ಉಳಿದರೆ ತಪ್ಪು ನಮ್ಮದೇ. ನಾವು ಸೋಮವಾರ ಇಷ್ಟಲಿಂಗ ಪೂಜೆಯ ನಂತರ ಒಂದೇ ಒಂದು ವಚನ ಓದುತ್ತೇವೆ. ಎರಡು ಓದುವುದಿಲ್ಲ.

ಒಮ್ಮೆ ಅಕ್ಕನ 'ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ' ಎಂಬ ವಚನ ಬಂತು. ಬೇರೆ ಕಡೆಯ ಮಕ್ಕಳಿಗೆ ಅದು ಹೋಲಿಕೆಯ ಮಾತು. ನಮ್ಮ ಮನೆಗೆ ಅದು ದಿನದ ಮಾತು. ಹಿಂದಿನ ರಾತ್ರಿಯೇ ಹಂದಿಗಳು ಗದ್ದೆಗೆ ನುಗ್ಗಿದ್ದವು. ಮಗ ಕೇಳಿದ: 'ಅಪ್ಪಾ, ಅಂಜಬಾರದು ಎಂದು ಅಕ್ಕ ಹೇಳುತ್ತಾಳೆ, ಸರಿ. ಕೊನೆಗೆ ಕೋಪ ಮಾಡಿಕೊಳ್ಳಬೇಡ, ಸಮಾಧಾನಿಯಾಗಿರು ಎನ್ನುತ್ತಾಳೆ. ಬೆಳೆ ತಿಂದ ಹಂದಿಯ ಮೇಲೂ ಕೋಪ ಬೇಡವೇ?' ನನ್ನ ಹೆಂಡತಿ ಹೇಳಿದ ಉತ್ತರ ನನಗೆ ಹೊಳೆದಿರಲಿಲ್ಲ. 'ಬೇಲಿ ಕಟ್ಟುವುದಕ್ಕೆ ಕೋಪ ಬೇಕಾಗಿಲ್ಲ, ಎದ್ದು ಕಟ್ಟಿದರೆ ಸಾಕು' ಎಂದಳು. ಅಲ್ಲಿಂದ ಮಾತು ಶಾಲೆಯಲ್ಲಿ ಅವನನ್ನು ಹೀಯಾಳಿಸುವ ಹುಡುಗನ ಕಡೆಗೆ ಹೋಯಿತು. ಅಂಥದ್ದೊಂದು ನಡೆಯುತ್ತಿದೆ ಎಂದು ನಮಗೆ ತಿಳಿದದ್ದೇ ಆ ಸಂಜೆ. ವಚನ ಓದದೆ, ಊಟದ ಹೊತ್ತಿನಲ್ಲಿ 'ಶಾಲೆಯಲ್ಲಿ ಎಲ್ಲ ಸರಿಯಾಗಿದೆಯೇ' ಎಂದು ಕೇಳಿದ್ದರೆ ಅವನು 'ಹೂಂ' ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದ.

ಶಿವಮೊಗ್ಗದ ಪದವಿ ವಿದ್ಯಾರ್ಥಿ:

ನಾನು ಇಂಥ ಮನೆಯಲ್ಲಿಯೇ ಬೆಳೆದವನು. ಪ್ರತಿ ಸಂಜೆ ಭಜನೆ, ಆಮೇಲೆ ಅಪ್ಪನ ಪ್ರವಚನ. ಪ್ರವಚನ ಎಲ್ಲಿಂದ ಶುರುವಾದರೂ ಕೊನೆಗೆ ನನ್ನ ಗಣಿತದ ಅಂಕಗಳಿಗೇ ಬಂದು ನಿಲ್ಲುತ್ತಿತ್ತು. ರಾಮ ಹೇಗೆ ತಂದೆಯ ಮಾತು ಕೇಳಿದ, ನೀನು ಹೇಗೆ ಕೇಳುವುದಿಲ್ಲ ಎಂದು. ದೇವರ ಹೆಸರಿನಲ್ಲಿ ಬೈಸಿಕೊಂಡ ಮಗುವಿಗೆ ದೇವರೂ ಅಪ್ಪನ ಪಕ್ಷದವನೇ ಅನ್ನಿಸುತ್ತದೆ. ಈಗ ಊರಿಗೆ ಹೋದರೆ ಭಜನೆಯ ಹೊತ್ತಿಗೆ ತೋಟದ ಕಡೆ ನಡೆದುಬಿಡುತ್ತೇನೆ. ಹಿರಿಯರು ಇದನ್ನು ಯೋಚಿಸದೆ ಹೊತ್ತು ನಿಗದಿ ಮಾಡಿದರೆ ಮಕ್ಕಳು ದೂರವೇ ಆಗುತ್ತಾರೆ. ವಿರೋಧಕ್ಕಾಗಿ ಬರೆಯುತ್ತಿಲ್ಲ.

ಹೊಸನಗರ ತೋಟದ ಮನೆ:

ತಮ್ಮಾ, ಈ ಚರ್ಚೆಯಲ್ಲಿ ಹಿರಿಯರು ತಪ್ಪದೆ ಓದಬೇಕಾದದ್ದು ನೀನು ಬರೆದದ್ದು. ಆ ಅರ್ಧ ಗಂಟೆಯಲ್ಲಿ ಅಂಕ, ಹೋಂವರ್ಕ್, ಮೊಬೈಲ್, ನೆಂಟರ ಮಕ್ಕಳೊಡನೆ ಹೋಲಿಕೆ, ಯಾವುದೂ ಬರಕೂಡದು. ಬೈಯುವುದಿದ್ದರೆ ವಾರದಲ್ಲಿ ಬೇರೆ ಹೊತ್ತು ಬೇಕಾದಷ್ಟಿದೆ. ಪುರಾಣದ ಪಾತ್ರವನ್ನು ಮಕ್ಕಳನ್ನು ಹೊಡೆಯುವ ಬೆತ್ತ ಮಾಡಿಕೊಂಡರೆ ಮಕ್ಕಳು ಆ ಪಾತ್ರವನ್ನೇ ದ್ವೇಷಿಸುತ್ತಾರೆ. ಅದು ಮಕ್ಕಳ ತಪ್ಪಲ್ಲ. ಒಬ್ಬ ಮಗ ಅಥವಾ ಮಗಳು 'ನನಗೆ ನಂಬಿಕೆ ಇಲ್ಲ' ಎಂದರೆ ಅದನ್ನೂ ಅಲ್ಲಿ ಹೇಳುವಂತಿರಬೇಕು. ಹೇಳಿದವರನ್ನು ಎಬ್ಬಿಸಿ ಕಳಿಸಬಾರದು.

ಭದ್ರಾವತಿಯಿಂದ:

ಅಸ್ಸಲಾಮು ಅಲೈಕುಂ. ನಮ್ಮ ಮನೆಯಲ್ಲಿ ಸೂರ್ಯಾಸ್ತದ ಮಗ್ರಿಬ್ ನಮಾಜಿಗೂ ರಾತ್ರಿಯ ಇಶಾ ನಮಾಜಿಗೂ ನಡುವಿನ ಹೊತ್ತು ಮಕ್ಕಳದು. ಬೇರೆ ಹೊತ್ತು ಹುಡುಕಬೇಕಾಗಿಲ್ಲ, ನಮಾಜುಗಳೇ ದಿನವನ್ನು ಭಾಗ ಮಾಡಿಕೊಟ್ಟಿವೆ. ಚಿಕ್ಕವರು ಕಾಯಿದಾ, ಅಂದರೆ ಅರಬ್ಬಿ ಅಕ್ಷರ ಕಲಿಸುವ ಪುಸ್ತಕ ಓದುತ್ತಾರೆ, ದೊಡ್ಡವರು ಕುರ್‌ಆನ್. ಗುರುವಾರ ರಾತ್ರಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ, ನನ್ನ ಅಮ್ಮನೂ ಬರುತ್ತಾರೆ.

ನಮ್ಮಲ್ಲಿಯೂ ಇರುವ ಕಷ್ಟ ಒಂದೇ. ಅರಬ್ಬಿ ಉಚ್ಚಾರಣೆ ಚೆನ್ನಾಗಿ ಬರುತ್ತದೆ, ಅರ್ಥ ಬರುವುದಿಲ್ಲ. ಮದರಸಾದಲ್ಲಿ ಉಸ್ತಾದರು ಉಚ್ಚಾರಣೆ ತಿದ್ದುತ್ತಾರೆ, ಅದು ಅವರ ಕೆಲಸ, ಚೆನ್ನಾಗಿ ಮಾಡುತ್ತಾರೆ. ಅರ್ಥ ಹೇಳುವುದನ್ನು ನಾನು ಮನೆಗೆ ಇಟ್ಟುಕೊಂಡಿದ್ದೇನೆ. ಕನ್ನಡ ಅನುವಾದ ಇಟ್ಟುಕೊಂಡು ಗುರುವಾರ ನಾಲ್ಕೈದು ವಾಕ್ಯ ಓದುತ್ತೇವೆ. ಮಗಳಿಗೆ ಉರ್ದುವಿಗಿಂತ ಕನ್ನಡ ಓದಲು ಸಲೀಸು, ಆದ್ದರಿಂದ ಓದುವವಳು ಅವಳೇ. 'ನಿಮ್ಮಲ್ಲಿ ಪ್ರತಿಯೊಬ್ಬರೂ ಪಾಲಕರು, ನಿಮ್ಮ ಪಾಲನೆಯಲ್ಲಿರುವವರ ಬಗ್ಗೆ ನಿಮ್ಮನ್ನು ಕೇಳಲಾಗುವುದು' ಎಂಬ ಅರ್ಥದ ಹದೀಸ್, ಅಂದರೆ ಪ್ರವಾದಿಯವರ ಮಾತು ಇದೆ. ಕೇಳುವುದು ನನ್ನನ್ನು, ಉಸ್ತಾದರನ್ನಲ್ಲ. ನಮ್ಮ ಅಮ್ಮ ಆ ಮಾತನ್ನು ಕನ್ನಡದಲ್ಲಿ ಮೊಮ್ಮಗಳ ಬಾಯಿಂದ ಕೇಳಿದಾಗ, ಇಷ್ಟು ವರ್ಷ ಕೇಳಿದ್ದು ಈಗ ತಿಳಿಯಿತು ಎಂದರು.

ಸೊರಬದ ಕಡೆಯವಳು:

ಎಲ್ಲರೂ ಪುಸ್ತಕದ ಮಾತಾಡುತ್ತಿದ್ದೀರಿ. ನಾವು ದೀವರು. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಓದಲು ಗ್ರಂಥವಿರಲಿಲ್ಲ. ಹಾಗೆಂದು ನಮಗೆ ಯಾರೂ ಧರ್ಮ ಹೇಳಿಕೊಟ್ಟಿಲ್ಲ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ.

ನಮಗೆ ಹೊತ್ತು ನಿಗದಿಯಾಗಿರುವುದು ಭೂಮಿ ಹುಣ್ಣಿಮೆಗೆ, ಅಂದರೆ ಗದ್ದೆಗೆ ಪೂಜೆ ಮಾಡುವ ಹಬ್ಬಕ್ಕೆ. ಮಹಾನವಮಿಯಿಂದ ಹುಣ್ಣಿಮೆಯವರೆಗಿನ ಸಂಜೆಗಳು ಭೂಮಣ್ಣಿ ಬುಟ್ಟಿಯವು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ನಾರಿನ ಕಡ್ಡಿ ಅದ್ದಿ ಚಿತ್ತಾರ ಬರೆಯುತ್ತೇವೆ. ಒಂದೊಂದು ಗೆರೆ ಎಳೆಯುವಾಗಲೂ ಅಜ್ಜಿ ಹೇಳುತ್ತಿದ್ದರು, ಇದು ಭತ್ತದ ಸಸಿ, ಇದು ಗದ್ದೆಯ ಬದು, ಇದು ಏಣಿ, ಇದು ನಮ್ಮ ಮನೆ. ಗೆರೆ ಅಲುಗಿದರೆ ಅಳಿಸಿ ಮತ್ತೆ ಎಳೆಯಬೇಕು. ಹೊಡೆಗೆ ಬಂದ ಭತ್ತ ಬಸುರಿ ಹೆಂಗಸು, ಅವಳಿಗೆ ಬಯಕೆಯ ಊಟ ಬಡಿಸಬೇಕು ಎನ್ನುವುದು ನಮ್ಮ ನಂಬಿಕೆ. ಹಿಂದಿನ ದಿನ ಬೆಟ್ಟ, ಬ್ಯಾಣ (ಹುಲ್ಲುಗಾವಲು) ಸುತ್ತಿ ಹತ್ತಾರು ಬಗೆಯ ಸೊಪ್ಪು ಕುಯ್ದು ತರುತ್ತೇವೆ. ಮಕ್ಕಳೂ ಬರುತ್ತಾರೆ, ಯಾವ ಸೊಪ್ಪು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಅಲ್ಲೇ ಕಲಿಯುತ್ತಾರೆ. ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಚರಗ ಚೆಲ್ಲಿ (ಬೇಯಿಸಿದ ಸೊಪ್ಪಿನ ಎಡೆಯನ್ನು ಪೈರಿಗೆ ಎರಚಿ), ಪೂಜೆ ಮಾಡಿ, ಕಾಗೆಗೆ ಎಡೆ ಇಟ್ಟು, ಗದ್ದೆಯ ಬದುವಿನಲ್ಲೇ ಕೂತು ಎಲ್ಲರೂ ಉಣ್ಣುತ್ತೇವೆ.

ನೆಲ ನಮ್ಮದಲ್ಲ, ನಾವು ಅದರ ಮಕ್ಕಳು, ತಿನ್ನುವ ಮೊದಲು ಅದಕ್ಕೆ ಬಡಿಸಬೇಕು ಎಂದು ನನಗೆ ಯಾರೂ ಪ್ರವಚನ ಮಾಡಲಿಲ್ಲ. ಆ ಕತ್ತಲೆಯಲ್ಲಿ ಬುಟ್ಟಿಯ ಹಿಂದೆ ನಡೆದು ತಿಳಿದುಕೊಂಡೆ. ಈಗ ಎಷ್ಟೋ ಮನೆಗಳಲ್ಲಿ ಬರೆದ ಬುಟ್ಟಿಯನ್ನು ದುಡ್ಡು ಕೊಟ್ಟು ತರುತ್ತಾರೆ, ಪೇಂಟಿನಲ್ಲಿ ಬರೆದದ್ದು. ಬುಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ಅಜ್ಜಿಯ ಪಕ್ಕ ಕೂತು ಬರೆಯುವ ಹೊತ್ತು ಹೋಯಿತು, ಅದರ ಜೊತೆ ಹೇಳಿಕೆಯೂ ಹೋಯಿತು. ನಾನು ನನ್ನ ಮಕ್ಕಳೊಡನೆ ಕೂತೇ ಬರೆಯುತ್ತೇನೆ. ಗಂಡುಮಗನಿಗೂ ಕಡ್ಡಿ ಕೊಟ್ಟಿದ್ದೇನೆ.

ಸಾಗರದ ನಿವೃತ್ತ ಶಿಕ್ಷಕ:

ಸೊರಬದ ತಾಯಿ, ನೀವು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ದೀಪಾವಳಿಯ ಅಂಟಿಗೆ ಪಂಟಿಗೆಯೂ ಹೀಗೆಯೇ. ಜ್ಯೋತಿ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ತಂಡದಲ್ಲಿ ಹುಡುಗರು ಹಿರಿಯರ ಹಿಂದೆ ಸೊಲ್ಲು ಎತ್ತುತ್ತಲೇ ಹಾಡು ಕಲಿಯುತ್ತಿದ್ದರು. ಅದಕ್ಕೂ ಹಬ್ಬದ ಮೊದಲು ಮನೆಯಲ್ಲಿ ಕೂತು ಹೇಳಿಕೊಡುವವರು ಬೇಕು.

ಬೆಂಗಳೂರಿನಲ್ಲಿರುವ ಶಿವಮೊಗ್ಗದವರು:

ಹೊರಗಿನ ಒಂದು ಉದಾಹರಣೆ. ಅಮೆರಿಕದಲ್ಲಿ ಲ್ಯಾಟರ್ ಡೇ ಸೇಂಟ್ಸ್ ಎಂಬ ಚರ್ಚಿನವರು 1915ರಲ್ಲೇ ತಮ್ಮ ಸದಸ್ಯರಿಗೆ, ಮನೆಯವರೆಲ್ಲ ಒಟ್ಟಿಗೆ ಕೂರುವ ಒಂದು ಸಂಜೆ ಇಟ್ಟುಕೊಳ್ಳಿ ಎಂದು ಪತ್ರ ಬರೆದು ತಿಳಿಸಿದರು. 1970ರಲ್ಲಿ ಅದಕ್ಕೆ ಸೋಮವಾರ ಸಂಜೆ ಎಂದು ನಿಗದಿಯಾಯಿತು. ಪ್ರಾರ್ಥನೆ, ಹಾಡು, ಚಿಕ್ಕ ಪಾಠ, ಆಟ, ಕೊನೆಗೆ ತಿಂಡಿ. ಇದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಬೇರೆ ಒಂದು ಸಂಗತಿ. ಸೋಮವಾರ ಸಂಜೆ ಚರ್ಚು ತನ್ನ ಬೇರೆ ಸಭೆಗಳನ್ನು ಇಟ್ಟುಕೊಳ್ಳುವುದಿಲ್ಲ. ಮನೆಗೆ ಹೊತ್ತು ಕೊಡಿ ಎಂದವರು ಆ ಹೊತ್ತನ್ನು ತಾವೇ ಬಿಟ್ಟುಕೊಟ್ಟರು.

ನಮ್ಮ ಊರುಗಳನ್ನು ನೋಡಿ. ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘದ ಸಭೆ, ದೇವಸ್ಥಾನ ಸಮಿತಿ, ತಾಳಮದ್ದಲೆ, ಎಲ್ಲವೂ ಶನಿವಾರ ಭಾನುವಾರದ ಸಂಜೆಗೇ. ಧರ್ಮದ ಕೆಲಸಕ್ಕೆ ಓಡಾಡುವ ಅಪ್ಪನೇ ಧರ್ಮ ಹೇಳಿಕೊಡಲು ಮನೆಯಲ್ಲಿ ಸಿಗುವುದಿಲ್ಲ. ಊರವರೇ ಸೇರಿ ವಾರದ ಒಂದು ಸಂಜೆ ಯಾವ ಕಾರ್ಯಕ್ರಮವನ್ನೂ ಇಡುವುದಿಲ್ಲ ಎಂದು ತೀರ್ಮಾನಿಸಬಾರದೇಕೆ?

ಹೊಸನಗರ ತೋಟದ ಮನೆ:

ಇದು ನನಗೆ ಹೊಳೆದಿರಲಿಲ್ಲ. ನಮ್ಮ ದೇವಸ್ಥಾನ ಸಮಿತಿಯ ಮುಂದಿನ ಸಭೆಯಲ್ಲಿ ಈ ಮಾತನ್ನು ಖಂಡಿತ ಎತ್ತುತ್ತೇನೆ. ಬುಧವಾರವಾದರೆ ಯಾರಿಗೂ ಅಡ್ಡಿಯಾಗಲಾರದು. ಊರಿಗೆಲ್ಲ ಬುಧವಾರ ಗೊತ್ತಾದರೆ ನಾವೂ ಶನಿವಾರದಿಂದ ಅದಕ್ಕೆ ಬದಲಾಯಿಸಿಕೊಳ್ಳುತ್ತೇವೆ.

ಹೊಂಬುಜದ ಹತ್ತಿರದಿಂದ:

ಜೈನರ ಸಾಮಾಯಿಕಕ್ಕೆ (ಮನಸ್ಸನ್ನು ಸಮವಾಗಿಟ್ಟು ಕೂರುವ ಧ್ಯಾನಕ್ಕೆ) 48 ನಿಮಿಷ, ಅಂದರೆ ಒಂದು ಮುಹೂರ್ತ. ಮಕ್ಕಳಿಗೆ ಅಷ್ಟು ಹೊತ್ತು ಕೂರಲು ಆಗುವುದಿಲ್ಲ. ನಾವು ಣಮೋಕಾರ ಮಂತ್ರ ಹೇಳಿಸಿ, ಒಂದು ಕಥೆ ಹೇಳಿ ಅವರನ್ನು ಬಿಡುತ್ತೇವೆ, ದೊಡ್ಡವರು ಮುಂದುವರಿಸುತ್ತೇವೆ. ಸೂರ್ಯಾಸ್ತದೊಳಗೆ ಊಟ ಮುಗಿಯುವುದರಿಂದ ಅಡುಗೆಮನೆಯ ಕೆಲಸ ಹೆಂಗಸರನ್ನು ಹಿಡಿದಿಡುವುದಿಲ್ಲ. ಬೇರೆ ಮನೆಯವರು ಇದನ್ನು ಯೋಚಿಸಬೇಕು: ಎಲ್ಲರೂ ಕೂತಾಗ ಅಮ್ಮ ಮಾತ್ರ ಒಲೆಯ ಮುಂದೆ ಇದ್ದರೆ ಎಲ್ಲರೂ ಕೂತಂತಾಗಲಿಲ್ಲ.

ತೀರ್ಥಹಳ್ಳಿ ಕೊಂಕಣಿ ಮನೆ:

ನಾವು ಕ್ಯಾಥೊಲಿಕರು. ನಮ್ಮಲ್ಲಿ ರಾತ್ರಿ ಊಟಕ್ಕೆ ಮೊದಲು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ನಾನು ಚಿಕ್ಕವಳಿದ್ದಾಗ ಐದು ರಹಸ್ಯಗಳೂ (ಯೇಸು, ಮರಿಯಮ್ಮನವರ ಬದುಕಿನ ಘಟನೆಗಳನ್ನು ನೆನೆಯುವ ಐದು ಭಾಗಗಳೂ) ಮುಗಿಯುವಷ್ಟರಲ್ಲಿ ಮಂಡಿಯ ಮೇಲೆ ಕೂತೇ ನಿದ್ದೆ ಬರುತ್ತಿತ್ತು. ಈಗ ನನ್ನ ಮಕ್ಕಳೊಡನೆ ವಾರದ ದಿನಗಳಲ್ಲಿ ಒಂದೇ ರಹಸ್ಯ, ಭಾನುವಾರ ಪೂರ್ತಿ. ಒಂದನ್ನೇ ಆದರೂ ಆ ಘಟನೆ ಏನು ಎಂದು ಮೊದಲು ಹೇಳಿಯೇ ಪ್ರಾರ್ಥನೆ ಆರಂಭಿಸುತ್ತೇವೆ. ಇದು ಹಿರಿಯರಿಗೆ ಕಡಿಮೆ ಅನ್ನಿಸಿತು, ಅತ್ತೆ ಕೆಲವು ದಿನ ಬೇಸರ ಮಾಡಿಕೊಂಡರು.

ತೇರ್ಸ್ ಮುಗಿದ ಮೇಲೆ ಮಕ್ಕಳು ಮನೆಯ ಹಿರಿಯರೆಲ್ಲರ ಬಳಿ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ ಕೇಳುತ್ತಾರೆ. ಹಗಲು ಎಷ್ಟೇ ಜಗಳವಾಡಿರಲಿ, ಅಜ್ಜಿ ತಲೆಯ ಮೇಲೆ ಕೈಯಿಡಲೇಬೇಕು. ಮೇಲೆ ಬರೆದ ವಿದ್ಯಾರ್ಥಿ ತಮ್ಮನ ಮಾತು ಓದಿದಾಗ ನನಗೆ ಇದೇ ನೆನಪಾಯಿತು. ಆ ಹೊತ್ತು ಬೈಗುಳದಲ್ಲಿ ಮುಗಿಯದಂತೆ ನಮ್ಮ ಹಿರಿಯರು ಕ್ರಮದೊಳಗೇ ಒಂದು ಏರ್ಪಾಡು ಇಟ್ಟಿದ್ದಾರೆ.

ಶಿವಮೊಗ್ಗದ ಪದವಿ ವಿದ್ಯಾರ್ಥಿ:

ಅಕ್ಕ, ನಮ್ಮ ಮನೆಯಲ್ಲಿಯೂ ದೀಪ ಹಚ್ಚಿದ ಮೇಲೆ ಹಿರಿಯರಿಗೆ ನಮಸ್ಕಾರ ಮಾಡುವ ಕ್ರಮ ಇತ್ತು. ಅಪ್ಪ 'ಒಳ್ಳೆಯ ಬುದ್ಧಿ ಬರಲಿ' ಎನ್ನುತ್ತಿದ್ದರು. ಅದು ನನಗೆ ಆಗ ಇನ್ನೊಂದು ಬೈಗುಳದಂತೆ ಕೇಳುತ್ತಿತ್ತು. ಈ ಚರ್ಚೆಯನ್ನು ಅಪ್ಪನಿಗೆ ಕಳುಹಿಸಿದ್ದೇನೆ. ಓದಿದ್ದಾರೆ, ಇನ್ನೂ ಏನೂ ಹೇಳಿಲ್ಲ.

ರಿಪ್ಪನ್‌ಪೇಟೆಯಿಂದ:

ಹೊಸದಾಗಿ ಶುರುಮಾಡುವವಳು ನಾನು. ನನ್ನ ಮಗನಿಗೆ ಆರು ವರ್ಷ, ಮಗಳಿಗೆ ಹದಿಮೂರು. ಗಂಡ ಗಲ್ಫ್‌ನಲ್ಲಿದ್ದಾರೆ, ಹೇಳಿಕೊಡುವವಳು ನಾನೊಬ್ಬಳೇ. ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬಳಿಗೆ ಹಿಡಿಸುವುದಿಲ್ಲ. ಎಲ್ಲಿಂದ ಆರಂಭಿಸಲಿ? ನನಗೆ ಹಳಗನ್ನಡ, ನಡುಗನ್ನಡ ಬರುವುದಿಲ್ಲ.

ಹೊಸನಗರ ತೋಟದ ಮನೆ:

ತಂಗೀ, ಕುಮಾರವ್ಯಾಸ ಭಾರತದ ವಿರಾಟಪರ್ವದಿಂದ ಆರಂಭಿಸಿ, ಅದರಲ್ಲಿಯೂ ಉತ್ತರನ ಭಾಗದಿಂದ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಮಗನಿಗೆ ಆಗಲೇ ಗೊತ್ತಿರಬಹುದು. ಹೆಂಗಸರ ಮುಂದೆ ಜಂಬ ಕೊಚ್ಚಿದ ರಾಜಕುಮಾರ ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಡುವುದು ಆರು ವರ್ಷದವನಿಗೆ ನಗು ತರಿಸುತ್ತದೆ. ಹದಿಮೂರರ ಮಗಳಿಗೆ ಬೇರೆ ಪ್ರಶ್ನೆ ಹಾಕಿ: ಅವನನ್ನು ಹಿಡಿದು ತಂದ ಅರ್ಜುನ ಯಾಕೆ ಅಲ್ಲೇ ಬಿಟ್ಟು ತಾನೊಬ್ಬನೇ ಹೋಗಲಿಲ್ಲ, ಯಾಕೆ ಅವನನ್ನೇ ಸಾರಥಿ ಮಾಡಿಕೊಂಡ? ಹೆದರಿದವರನ್ನು ಏನು ಮಾಡಬೇಕು ಎಂಬ ವಿಷಯಕ್ಕೆ ಮಾತು ತಾನಾಗಿ ಬರುತ್ತದೆ.

ಭಾಷೆಗೆ ಹೆದರಬೇಡಿ. ಭಾಮಿನಿ ಷಟ್ಪದಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ನಡಿಗೆ. ಕೈಯಲ್ಲಿ ತಾಳ ಹಾಕಿ ಓದಿದರೆ ಚಿಕ್ಕವನೂ ಹಿಡಿಯುತ್ತಾನೆ. ಅರ್ಥವಿರುವ ಗದ್ಯಾನುವಾದ ಪಕ್ಕದಲ್ಲಿರಲಿ. ಒಂದು ಸಂಜೆಗೆ ನಾಲ್ಕು ಪದ್ಯ ಸಾಕು. ಮಗಳು ಓದಲಿ, ನೀವು ಗದ್ಯ ನೋಡಿ ಅರ್ಥ ಹೇಳಿ, ತಾಳ ಮಗನದು. ನಿಮ್ಮ ಮನೆಯವರಿಗೆ ಅಲ್ಲಿ ರಜೆ ಯಾವ ದಿನವೋ ಆ ಸಂಜೆಯನ್ನೇ ಇಟ್ಟುಕೊಂಡರೆ ಅವರೂ ವಿಡಿಯೊ ಕರೆಯಲ್ಲಿ ಕೂರಬಹುದು. ಆ ಒಂದು ಮೊಬೈಲ್ ಮಾತ್ರ ಜಗಲಿಯಲ್ಲಿರಲಿ.

ರಿಪ್ಪನ್‌ಪೇಟೆಯಿಂದ:

ಅವರಿಗೆ ಶುಕ್ರವಾರ ರಜೆ. ನಮಗೂ ಅದೇ ಅನುಕೂಲ, ಅಣ್ಣ. ಮಗಳಿಗೆ ಓದುವ ಭಾಗ ತೋರಿಸಿದೆ, ಅರ್ಜುನನ ಪ್ರಶ್ನೆಗೆ ಈಗಲೇ ಅವಳ ಬಳಿ ಒಂದು ಉತ್ತರ ಇದೆಯಂತೆ. ಅಪ್ಪ ಕೂತ ಮೇಲೆಯೇ ಹೇಳುತ್ತಾಳಂತೆ.